ಮಕ್ಕಳ ಸಕ್ಕರೆ ಕಾಯಿಲೆಗೆ ಸೊಪ್ಪಿನ ಮದ್ದು ಸಾಕೇ?

ಸಣ್ಣ ತೋಟದವರ ಹಿತ್ತಲಿನಲ್ಲಿ ಮದ್ದಿನ ಗಿಡ ಇಲ್ಲದಿರುವುದು ಅಪರೂಪ. ಬೇಲಿಗೆ ಹಬ್ಬಿದ ಮಧುನಾಶಿನಿ, ಮರವೇರಿದ ಅಮೃತಬಳ್ಳಿ, ಚಪ್ಪರದ ಹಾಗಲ, ಅಂಗಳದ ‘ಇನ್ಸುಲಿನ್ ಗಿಡ’ ಇವೆಲ್ಲ ಸಕ್ಕರೆ ಕಾಯಿಲೆಗೆ ಒಳ್ಳೆಯವೆಂದು ಹಿರಿಯರು ಹೇಳುವುದನ್ನು ನಾವೂ ಕೇಳಿದ್ದೇವೆ. ಆದರೆ ಮಕ್ಕಳಿಗೆ ಈ ಕಾಯಿಲೆ ಬಂದಾಗ ಸೊಪ್ಪನ್ನು ನಂಬಿ ಚುಚ್ಚುಮದ್ದು ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಅದು ಏಕೆಂಬುದನ್ನು ಸದಸ್ಯ ಬಾಂಧವರಿಗೆ ಇಲ್ಲಿ ತಿಳಿಸಬಯಸುತ್ತೇವೆ.

ಹೆಸರು ಒಂದೇ ಆದರೂ ಕಾಯಿಲೆ ಎರಡು ಬಗೆಯದು. ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಬಗೆಯಲ್ಲಿ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ತಯಾರಿಸುತ್ತಿರುತ್ತದೆ. ಆದರೆ ಅದು ಸಾಲುವುದಿಲ್ಲ, ಇಲ್ಲವೆ ದೇಹ ಅದನ್ನು ಸರಿಯಾಗಿ ಬಳಸುವುದಿಲ್ಲ. ಮಕ್ಕಳಲ್ಲಿ ಸಾಮಾನ್ಯವಾಗಿ ಬರುವ ಮೊದಲ ಬಗೆಯಲ್ಲಿ ಇನ್ಸುಲಿನ್ ತಯಾರಿಸುವ ಕಣಗಳೇ ನಾಶವಾಗಿರುತ್ತವೆ. ಬಾವಿಯೇ ಬತ್ತಿದ ಮೇಲೆ ಪಂಪನ್ನು ಎಷ್ಟು ರಿಪೇರಿ ಮಾಡಿದರೇನು? ನೀರನ್ನು ಹೊರಗಿನಿಂದಲೇ ತರಬೇಕು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಸಾವಿನಂಚಿನಲ್ಲಿದ್ದ 14 ವರ್ಷದ ಹುಡುಗನೊಬ್ಬನಿಗೆ ಇನ್ಸುಲಿನ್ ಕೊಟ್ಟು ಬದುಕಿಸಲಾಯಿತು. ಅದಕ್ಕೆ ಮೊದಲು ಇಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ.

ಮೆಂತ್ಯ, ಹಾಗಲ ಮುಂತಾದವು ದೊಡ್ಡವರಲ್ಲಿ ಸಕ್ಕರೆಯನ್ನು ಸ್ವಲ್ಪ ತಗ್ಗಿಸಬಹುದು. ಆದರೆ ಅವು ಇನ್ಸುಲಿನ್ನಿನ ಜಾಗ ತುಂಬಲಾರವು. ‘ಇನ್ಸುಲಿನ್ ಗಿಡ’ಕ್ಕೆ ಇನ್ಸುಲಿನ್ ಎಂಬುದು ಹೆಸರು ಮಾತ್ರ. ಇನ್ಸುಲಿನ್ನನ್ನೇ ನುಂಗಿದರೂ ಅದು ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ಆದುದರಿಂದಲೇ ಅದನ್ನು ಚುಚ್ಚಿಕೊಳ್ಳುವುದು.

ಅಪಾಯಗಳು ಮೂರು. ಮೊದಲನೆಯದು, ಚುಚ್ಚುಮದ್ದು ಬಿಡುವುದು. ಆಗ ದೇಹ ಕೊಬ್ಬನ್ನು ಉರಿಸತೊಡಗಿ, ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ಸೇರುತ್ತದೆ. ವಾಂತಿ, ಹೊಟ್ಟೆನೋವು, ಜೋರಾದ ಆಳ ಉಸಿರು, ಬಾಯಲ್ಲಿ ಹಣ್ಣಿನಂಥ ವಾಸನೆ ಬಂದು ಒಂದೆರಡು ದಿನದಲ್ಲೇ ಮಗು ಪ್ರಜ್ಞೆ ತಪ್ಪಬಹುದು. ಎರಡನೆಯದು, ವೈದ್ಯರಿಗೆ ತಿಳಿಸದೆ ಚುಚ್ಚುಮದ್ದಿನ ಜೊತೆಗೆ ಕಷಾಯವನ್ನೂ ಕೊಡುವುದು. ಇದರಿಂದ ಸಕ್ಕರೆ ತೀರ ಇಳಿದು ಬೆವರು, ನಡುಕ, ಮಂಕು ಬರಬಹುದು. ಮೂರನೆಯದು, ಹೆಸರಿಲ್ಲದ ಪುಡಿ, ಗುಳಿಗೆಗಳು. 2004ರಲ್ಲಿ ಪ್ರಕಟವಾದ ವರದಿಯಂತೆ ಅಮೆರಿಕದ ಬಾಸ್ಟನ್‌ನಲ್ಲಿ ಕೊಂಡು ಪರೀಕ್ಷಿಸಿದ 70 ಆಯುರ್ವೇದ ತಯಾರಿಕೆಗಳ ಪೈಕಿ 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣ ಕಂಡುಬಂದವು. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾನೂನೇ ನಿಷೇಧಿಸಿದೆ.

ಇದು ತೋಟದ ಮಾಲೀಕರ ಮಕ್ಕಳಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಕೊಪ್ಪಳ ಸೀಮೆಯ ಅಳವಂಡಿಯಂಥ ಊರಿನ ಕುಟುಂಬವೊಂದು ಕಾಫಿ ಕೊಯ್ಲಿಗೆ ಬಂದು ನಮ್ಮ ಲೈನಿನಲ್ಲಿ ಇಳಿದಿದೆ ಎನ್ನೋಣ. ಮಗು ಬಿಂದಿಗೆಗಟ್ಟಲೆ ನೀರು ಕುಡಿಯುತ್ತದೆ, ಬಿಟ್ಟುಹೋಗಿದ್ದ ಅಭ್ಯಾಸ ಮರಳಿ ರಾತ್ರಿ ಹಾಸಿಗೆ ಒದ್ದೆ ಮಾಡುತ್ತದೆ, ಉಂಡರೂ ಸೊರಗುತ್ತದೆ. ಜಂತುಹುಳವೆಂದೋ ದೃಷ್ಟಿಯೆಂದೋ ತಾಯಿ ಬೇವಿನ ರಸ ಕುಡಿಸುತ್ತಾಳೆ. ಪರಊರಿನಲ್ಲಿ ಅವಳು ಯಾರನ್ನು ಕೇಳಬೇಕು? ಆಗ ಒಂದು ದಿನವೂ ತಡಮಾಡದೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸುವ ಹೊಣೆ ನಮ್ಮದು. ವಾಂತಿ, ಏದುಸಿರು ಇದ್ದರೆ 108ಕ್ಕೆ ಕರೆ ಮಾಡಿ. ಊರಿಗೆ ಮರಳುವಾಗ ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಲು ಚೀಟಿಗಳನ್ನು ಜೋಪಾನವಾಗಿ ಕಟ್ಟಿಕೊಡಿ.

ಇನ್ಸುಲಿನ್ ಬಿಸಿಲಿಗೆ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ಶೀಶೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಒದ್ದೆ ಮರಳು ತುಂಬಿದ ಮಣ್ಣಿನ ಗಡಿಗೆಯಲ್ಲಿಟ್ಟು ನೆರಳಿನಲ್ಲಿ ಇಡಬಹುದು.

ಹಾಗಲಕಾಯಿ ಪಲ್ಯಕ್ಕೆ ನಮ್ಮ ಅಡ್ಡಿಯಿಲ್ಲ. ಊಟವಾಗಿ ಮಗುವೂ ತಿನ್ನಲಿ. ಕಷಾಯ ಕೊಡಲೇಬೇಕೆನಿಸಿದರೆ ಮೊದಲು ವೈದ್ಯರಿಗೆ ಹೇಳಿ, ಮುಚ್ಚಿಡಬೇಡಿ. ಆದರೆ ಯಾರು ಏನೇ ಹೇಳಲಿ, ಮಗುವಿನ ಇನ್ಸುಲಿನ್ನನ್ನು ಒಂದು ದಿನವೂ ತಪ್ಪಿಸಬೇಡಿ.