ಗೂಢ ಪದಬಂಧವನ್ನು ಬಿಡಿಸುವ ಬಗೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ಊರುಗಳ ಹೆಸರನ್ನು ಕೇಳದ ಕನ್ನಡಿಗರು ವಿರಳ. ಆದರೆ ಈ ನಾಲ್ಕು ಹೆಸರುಗಳಲ್ಲಿ ಪ್ರತಿಯೊಂದಕ್ಕೂ ಸರಿಯಾಗಿ ನಾಲ್ಕೇ ಅಕ್ಷರಗಳೆಂಬುದನ್ನು ಎಷ್ಟು ಮಂದಿ ಎಣಿಸಿ ನೋಡಿರುವರು? ಪದಬಂಧ ಕಟ್ಟುವವರಿಗೆ ಇದಕ್ಕಿಂತ ಅನುಕೂಲವಾದ ಸಾಮಗ್ರಿ ಬೇಕಿಲ್ಲ. ಆದುದರಿಂದ ಗೂಢ ಪದಬಂಧದ ಸುಳುಹುಗಳನ್ನು ಬಿಡಿಸುವ ಮತ್ತು ವಿವರಿಸುವ ಕ್ರಮವನ್ನು ಈ ಸೀಮೆಯ ಹೆಸರುಗಳನ್ನೇ ಆಶ್ರಯಿಸಿ ನಮ್ಮ ವಾಚಕರಿಗೆ ನಿವೇದಿಸಬೇಕೆಂದು ಬಯಸುತ್ತೇವೆ.

ಪದಬಂಧವು ನಮ್ಮಲ್ಲಿ ಹುಟ್ಟಿದ ವಿನೋದವಲ್ಲ. ೧೯೧೩ನೆಯ ಇಸವಿ ಡಿಸೆಂಬರ್ ೨೧ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬಾತನು ಇದನ್ನು ಮೊದಲು ಪ್ರಕಟಿಸಿದನು. ಆಗಿನ ಸುಳುಹುಗಳು ಬರಿಯ ಅರ್ಥವನ್ನು ಹೇಳತಕ್ಕವು. ಹೇಳುವುದೊಂದು, ಸೂಚಿಸುವುದು ಇನ್ನೊಂದು ಎಂಬ ಗೂಢ ರೀತಿಯು ೧೯೨೦ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬೆಳೆಯಿತು. ೧೯೩೦ನೆಯ ಫೆಬ್ರವರಿ ೧ರಿಂದ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯೂ ಪದಬಂಧಕ್ಕೆ ಸ್ಥಳ ಕೊಟ್ಟಿತು. ಕನ್ನಡದಲ್ಲಿ ಶ್ರೀ ಅ. ನಾ. ಪ್ರಹ್ಲಾದರಾವ್ ಅವರೊಬ್ಬರೇ ಸಾವಿರಾರು ಪದಬಂಧಗಳನ್ನು ರಚಿಸಿರುವರು.

ಆಟವು ಹೊರಗಿನದಾದರೂ ಅದರ ಯುಕ್ತಿಯು ನಮಗೆ ಹೊಸದಲ್ಲ. ದಂಡಿಯು ತನ್ನ ‘ಕಾವ್ಯಾದರ್ಶ’ದಲ್ಲಿ ೧೬ ಬಗೆಯ ಪ್ರಹೇಲಿಕೆಗಳನ್ನು ವಿವರಿಸಿ, ಅವು ಗೋಷ್ಠಿಯ ವಿನೋದಕ್ಕೆ ಒದಗುವುವೆಂದು ಹೇಳಿರುವನು. ಅಲ್ಲಮಪ್ರಭುವಿನ ಬೆಡಗಿನ ವಚನಗಳೂ ಕನಕದಾಸರ ಮುಂಡಿಗೆಗಳೂ ಅರ್ಥವನ್ನು ಮುಚ್ಚಿಟ್ಟು ತೋರಿಸತಕ್ಕವೇ. ರಾತ್ರಿ ಊಟವಾದ ಮೇಲೆ ಮೊಮ್ಮಕ್ಕಳಿಗೆ ಒಗಟು ಹಾಕುವ ಅಜ್ಜಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ.

ಇನ್ನು ವಿಷಯಕ್ಕೆ ಬರೋಣ. ಒಳ್ಳೆಯ ಗೂಢ ಸುಳುಹು ಎರಡು ಬಾಗಿಲುಗಳ ಮನೆಯಂತೆ. ಒಂದು ಬಾಗಿಲು ಉತ್ತರದ ಅರ್ಥ. ಅದು ಸಾಮಾನ್ಯವಾಗಿ ವಾಕ್ಯದ ಆದಿಯಲ್ಲೋ ಅಂತ್ಯದಲ್ಲೋ ಇರುವುದು. ಮತ್ತೊಂದು ಬಾಗಿಲು ಉತ್ತರದ ಅಕ್ಷರಗಳನ್ನು ಕಟ್ಟುವ ಯುಕ್ತಿ. ಎರಡು ಬಾಗಿಲುಗಳಿಂದ ಹೊಕ್ಕರೂ ಒಂದೇ ನಡುಮನೆಯನ್ನು ಸೇರಬೇಕು. ಕಂಸದೊಳಗಿನ ಅಂಕಿಯು ಅಕ್ಷರಗಳ ಸಂಖ್ಯೆ. ಕನ್ನಡದಲ್ಲಿ ಒಂದು ಮನೆಗೆ ಒಂದು ಪೂರ್ಣಾಕ್ಷರ. ಗುಣಿತವೂ ಒತ್ತೂ ಅದರೊಡನೆಯೇ ಇರುವುವು. ‘ಚಿತ್ರದುರ್ಗ’ವೆಂಬಲ್ಲಿ ಚಿ, ತ್ರ, ದು, ರ್ಗ ಎಂದು ನಾಲ್ಕೇ ಮನೆಗಳು. ವಾಕ್ಯದಲ್ಲಿ ಪದಗಳಿಗೆ ಅಂಟಿಕೊಂಡಿರುವ ವಿಭಕ್ತಿ ಪ್ರತ್ಯಯಗಳನ್ನು ಕಳಚಿ ನೋಡುವುದು ಬಿಡಿಸುವವರ ಮೊದಲನೆಯ ಪಾಠ.

ಸುಲಭವಾದ ದ್ವ್ಯರ್ಥದಿಂದ ಆರಂಭಿಸುವೆವು.

ಆನೆಯನ್ನು ಎಣ್ಣೆಯಲ್ಲಿ ಬೇಯಿಸು (೨)

ಇಂಥ ಬಾಣಲೆ ಯಾವ ಮನೆಯಲ್ಲಿದೆಯೆಂದು ಬೆದರಬೇಕಾಗಿಲ್ಲ. ಪ್ರತ್ಯಯವನ್ನು ಕಳಚಿದರೆ ‘ಆನೆ’ ಒಂದು ಅರ್ಥ, ‘ಎಣ್ಣೆಯಲ್ಲಿ ಬೇಯಿಸು’ ಮತ್ತೊಂದು ಅರ್ಥ. ಎರಡಕ್ಕೂ ಸಲ್ಲುವ ಪದ ‘ಕರಿ’. ಸಂಸ್ಕೃತದ ಆನೆಯೂ ಕನ್ನಡದ ಅಡುಗೆಯೂ ಒಂದೇ ಪದದಲ್ಲಿ ಕೂಡಿರುವುವು.

ಎರಡನೆಯದು ಜೋಡಣೆ.

ಹಳೆಯ ಪಟ್ಟಣಕ್ಕೆ ಜಲಾಶಯ ಸೇರಿದರೆ ದುರ್ಗದ ಸೀಮೆಯ ತಾಲ್ಲೂಕು (೪)

ಹಳಗನ್ನಡದಲ್ಲಿ ಪಟ್ಟಣಕ್ಕೆ ‘ಪೊಳಲ್’ ಎಂದು ಹೆಸರು. ಪಕಾರವು ಹಕಾರವಾಗಿ ಅದೇ ‘ಹೊಳಲು’ ಆಯಿತು. ಅದಕ್ಕೆ ‘ಕೆರೆ’ ಸೇರಿದರೆ ಹೊಳಲ್ಕೆರೆ. ಎರಡು ಪದಗಳು ಕೂಡಿದೊಡನೆ ‘ಲ್’ ತನ್ನ ಸ್ವಂತ ಮನೆಯನ್ನು ಬಿಟ್ಟು ‘ಕೆ’ಯೊಡನೆ ಒಂದೇ ಮನೆಯಲ್ಲಿ ವಾಸಮಾಡುವುದನ್ನು ಗಮನಿಸಬೇಕು. ಅದೇ ರೀತಿಯಲ್ಲಿ ಮತ್ತೊಂದು:

ಕಿರಿಯನಲ್ಲದವನ ಗ್ರಾಮ ವೇದಾವತಿಯ ದಡದಲ್ಲಿದೆ (೪)

ಹಿರಿಯನ ಊರು, ಅರ್ಥಾತ್ ಹಿರಿಯೂರು. ಶಾಲೆಯ ಹುಡುಗನು ಇಲ್ಲಿ ‘ಹಿರಿಯ’ ಎಂಬುದರ ಕೊನೆಯ ಅಕಾರವು ಬಿದ್ದುದರಿಂದ ಲೋಪಸಂಧಿ ಎಂದು ಹೇಳುವನು. ‘ಹಿರಿ’ ಎಂಬುದೇ ಪದ, ನಡುವೆ ಬಂದಿರುವುದು ಯಕಾರಾಗಮ ಎಂದು ತಾತನು ವಾದಿಸಬಹುದು. ಎರಡು ದಾರಿಗಳೂ ಒಂದೇ ಊರಿಗೆ ಹೋಗುವುದರಿಂದ ವಾದವು ಜಗಳವಾಗದೆ ವ್ಯಾಕರಣವಾಗುವುದು.

ಮೂರನೆಯದು ಅಡಗಿಸುವುದು.

ಹಸು ಮನೆಯೊಳಗೆ ಕಂಡ ಹೂವು (೨)

‘ಒಳಗೆ’ ಎಂಬ ಮಾತೇ ಇಲ್ಲಿ ಕೈಮರ. ‘ಹಸು ಮನೆ’ ಎಂಬ ಅಕ್ಷರಗಳ ಒಳಗೆ ನೋಡಿದರೆ ‘ಸುಮ’ವು ಅರಳಿದೆ. ಉತ್ತರವು ಕಣ್ಣೆದುರಿಗೇ ಇದ್ದರೂ ಪದಗಳ ನಡುವಣ ತೆರಪು ಅದನ್ನು ಮರೆಮಾಡಿತು.

ನಾಲ್ಕನೆಯದು ತಿರುವುಮುರುವು.

ದಿನವು ಹಿಂದಿರುಗಿದರೆ ಹರಿಯುವ ನೀರು (೨)

ಕಳೆದ ದಿನವು ಹಿಂದಿರುಗುವುದಿಲ್ಲ. ಆದರೆ ಅಕ್ಷರಗಳನ್ನು ಹಿಂದಿರುಗಿಸಬಹುದು. ‘ದಿನ’ವನ್ನು ಬಲದಿಂದ ಓದಿದರೆ ‘ನದಿ’. ‘ಮರಾ ಮರಾ’ ಎಂದು ಜಪಿಸುತ್ತ ರಾಮನಾಮವನ್ನು ಪಡೆದ ಬೇಡನ ಕಥೆಯು ಪ್ರತಿ ಮನೆಯಲ್ಲಿಯೂ ಪ್ರಸಿದ್ಧವಷ್ಟೆ. ಬಲದಿಂದ ಎಡಕ್ಕೆ ಓದಬೇಕಾದ ಪದವೊಂದು ದುರ್ಗದ ಸೀಮೆಯ ಬಂಡೆಯ ಮೇಲೆಯೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಕಂಡುಹಿಡಿದರು. ಶಾಸನವೆಲ್ಲ ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮಿಯಲ್ಲಿದ್ದರೂ, ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯನ್ನು ತಿಳಿಸುವ ಪದವೊಂದನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಬರೆದನು. ಎರಡೂ ಲಿಪಿಗಳನ್ನು ಬಲ್ಲವರಿಗಲ್ಲದೆ ಆ ಪದವು ಬಿಡದು.

ಐದನೆಯದು ಅಕ್ಷರಗಳನ್ನು ಚೆದುರಿಸುವುದು. ಆರನೆಯದು ಅಕ್ಷರವನ್ನು ಕಳೆಯುವುದು.

ಚೆದುರಿಹೋದ ಮದನ, ಅದೇ ನಿಗ್ರಹ (೩)

ಯುದ್ಧದಲ್ಲಿ ತಲೆ ಹೋಗಲು ಉಳಿದ ವೃಕ್ಷ (೨)

ಮದನನ ಮೂರಕ್ಷರಗಳನ್ನು ಕದಡಿ ಬೇರೆ ಕ್ರಮದಲ್ಲಿಟ್ಟರೆ ‘ದಮನ’ವಾಗುವುದು, ಅದರ ಅರ್ಥವೇ ನಿಗ್ರಹ. ಯುದ್ಧವೆಂದರೆ ‘ಸಮರ’, ಅದರ ತಲೆಯಾದ ‘ಸ’ವನ್ನು ತೆಗೆದರೆ ‘ಮರ’. ‘ಚೆದುರು’, ‘ಕದಡು’, ‘ಕೆದಕು’ ಎಂಬಂಥ ಕ್ರಿಯೆಗಳು ಚೆದುರಿಕೆಯ ಗುರುತು. ತಲೆ, ಬಾಲ, ಹೊಟ್ಟೆ ಎಂಬ ಅವಯವಗಳು ಮೊದಲು, ಕೊನೆ, ನಡು ಅಕ್ಷರಗಳ ಗುರುತು.

ಉತ್ತರ ಸಿಕ್ಕಿದೊಡನೆ ಪೆನ್ಸಿಲನ್ನು ಕೆಳಗಿಡುವುದು ಅನೇಕರ ವಾಡಿಕೆ. ನಾವಾದರೋ ಉತ್ತರಕ್ಕಿಂತಲೂ ವಿವರಣೆಯೇ ಮುಖ್ಯವೆಂದು ಭಾವಿಸುತ್ತೇವೆ. ಇದಕ್ಕೆ ಕಾರಣವನ್ನು ಒಂದು ಸುಳುಹಿನಿಂದಲೇ ತೋರಿಸಬಹುದು. ‘ಮನೆಗೆ ಇದು ಬಂದರೆ ಸಂತೋಷ’ ಎಂದು ಕೇಳಿ, ಎರಡು ಮನೆಗಳಲ್ಲಿ ಎರಡನೆಯದಕ್ಕೆ ‘ಗು’ ಎಂದು ತುಂಬಿ, ಮೊದಲನೆಯದನ್ನು ಬರಿದಾಗಿ ಬಿಟ್ಟರೆಂದು ಭಾವಿಸಿರಿ. ಉತ್ತರವು ‘ಮಗು’ವೋ ‘ನಗು’ವೋ? ಎರಡೂ ಹೊಂದುವುವು. ಬುದ್ಧಿಯು ಇಲ್ಲಿ ನಿರ್ಣಯಿಸಲಾರದು. ಕೇಳಿದವನ ಮನಸ್ಸಿನಲ್ಲಿದ್ದುದೇ ಸರಿ. ಇಂಥ ಸುಳುಹಿಗೆ ಪ್ರವೇಶಧನವನ್ನೂ ಬಹುಮಾನವನ್ನೂ ಸೇರಿಸಿದರೆ ಅದು ವಿನೋದವಾಗಿ ಉಳಿಯದೆ ಜೂಜಾಗುವುದು.

ಇದು ಬರಿಯ ಊಹೆಯ ಮಾತಲ್ಲ. ಬೆಂಗಳೂರಿನಲ್ಲಿ ಪ್ರಕಟವಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಪತ್ರಿಕೆಯ ಮೂಲಕ ನಡೆಯುತ್ತಿದ್ದ ಬಹುಮಾನದ ಪದಬಂಧ ಸ್ಪರ್ಧೆಯು ಮುಂಬಯಿ ಸಂಸ್ಥಾನದಲ್ಲಿಯೂ ಹರಡಿತ್ತು. ಅದರ ಮೇಲೆ ಎದ್ದ ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ಸ್ಪರ್ಧೆಯು ಜೂಜಿನ ಸ್ವರೂಪದ್ದು, ಜೂಜು ಸಂವಿಧಾನವು ರಕ್ಷಿಸುವ ವ್ಯಾಪಾರವಲ್ಲ ಎಂದು ೧೯೫೭ನೆಯ ಏಪ್ರಿಲ್ ೯ರಂದು ತೀರ್ಪಾಯಿತು. ಗೆಲವು ಬಹುಮಟ್ಟಿಗೆ ಜಾಣ್ಮೆಯನ್ನು ಅವಲಂಬಿಸಿದೆಯೇ ಅಥವಾ ಅದೃಷ್ಟವನ್ನೇ ಎಂಬುದು ನ್ಯಾಯಾಲಯದ ಒರೆಗಲ್ಲು. ಗೃಹಸ್ಥರು ತಮ್ಮ ಮನೆಯಲ್ಲಿಯೂ ಅದೇ ಒರೆಗಲ್ಲನ್ನು ಇಟ್ಟುಕೊಳ್ಳಬಹುದು. ‘ಉತ್ತರವೇನು?’ ಎಂದು ಕೇಳಿದ ಮೇಲೆ ‘ಏಕೆ ಬೇರೆಯಾಗಲಾರದು?’ ಎಂದು ಕೇಳಿರಿ. ಇದಕ್ಕೆ ಸಮಾಧಾನ ಹೇಳಲಾರದ ಸುಳುಹು ಮಕ್ಕಳ ಮುಂದೆ ಇಡಲು ತಕ್ಕದ್ದಲ್ಲ.

ವಿವರಣೆಯಿಂದ ಮತ್ತೊಂದು ಲಾಭವುಂಟು. ಮೇಲಿನ ಉದಾಹರಣೆಗಳನ್ನು ಬಿಡಿಸಲು ಯಾರು ಯಾರು ಬೇಕಾದರೆಂದು ನೋಡಿರಿ. ‘ಹೊಳಲು’ ಎಂಬ ಪದವು ಹಿರಿಯರಿಗೆ ಗೊತ್ತು. ಲೋಪಸಂಧಿಯು ಶಾಲೆಯ ಬಾಲಕನ ನಾಲಗೆಯ ತುದಿಯಲ್ಲಿದೆ. ‘ಕರಿ’ ಎಂಬಲ್ಲಿ ಬಾಣಲೆಯ ಬಳಿಯಲ್ಲಿರುವವರಿಗೆ ಮೊದಲು ಹೊಳೆಯುವುದು. ಒಂದೇ ಸೂರಿನ ಕೆಳಗೆ ಇದ್ದರೂ ಮೂರು ತಲೆಮಾರುಗಳ ಪದಭಂಡಾರವು ಒಂದೇ ಅಲ್ಲ. ತಾತನೊಡನೆಯೇ ಕಣ್ಮರೆಯಾಗಬಹುದಾದ ಪದವೊಂದು, ಸುಳುಹಿನ ನೆಪದಿಂದ, ಮೊಮ್ಮಗಳ ಬಾಯಿಗೆ ಬಂದರೆ ಅದು ಉಳಿದಂತೆಯೇ. ಬೆಡಗಿನ ವಚನಗಳಿಗೆ ಹಿಂದಿನವರು ಟೀಕೆಗಳನ್ನು ಬರೆದಿಡದಿದ್ದರೆ ಅವುಗಳಲ್ಲಿ ಅನೇಕವು ಇಂದು ನಮಗೆ ಬರಿಯ ಶಬ್ದಗಳಾಗಿ ಉಳಿಯುತ್ತಿದ್ದುವು.

ಕಡೆಗೆ, ಆರಂಭದಲ್ಲಿ ಹೇಳಿದ ನಾಲ್ಕು ಊರುಗಳನ್ನು ಒಂದೇ ಬಂಧದಲ್ಲಿ ಕೂಡಿಸುವ ಕೆಲಸವಿದೆ. ಹೊಸದುರ್ಗವನ್ನು ಅಡ್ಡವಾಗಿ ಬರೆಯಿರಿ. ಅದರ ‘ಹೊ’ ಎಂಬಲ್ಲಿಂದ ಹೊಳಲ್ಕೆರೆಯು ಕೆಳಗಿಳಿಯುವುದು. ಮೇಲಿನಿಂದ ಇಳಿದುಬರುವ ಚಿತ್ರದುರ್ಗವು ಅದರ ‘ರ್ಗ’ದಲ್ಲಿ ಬಂದು ನಿಲ್ಲುವುದು. ಹಿರಿಯೂರು ಮಾತ್ರ ಹೊರಗೆ ಉಳಿಯುವುದು. ಹೊಳಲ್ಕೆರೆಯ ‘ರೆ’ ಬೇರೆ, ಹಿರಿಯೂರಿನ ‘ರು’ ಬೇರೆ. ಇವೆರಡು ಸೀಮೆಗಳ ನಡುವೆ ಸೇತುವೆಯಾಗುವ ಪದಕ್ಕೆ ಇದೋ ಸುಳುಹು:

ಚಿತ್ರದ ಆದಿಯ ಬಳಿಕ ಉಪಾಧ್ಯಾಯರು ಬಂದರೆ ವಸಂತದಲ್ಲಿ ಮರಕ್ಕೆ ಬರುವುದು (೩)

ಚಿತ್ರದ ಆದಿಯು ‘ಚಿ’, ಉಪಾಧ್ಯಾಯರು ‘ಗುರು’, ಕೂಡಿದರೆ ‘ಚಿಗುರು’. ಚಿತ್ರದುರ್ಗದ ಮೊದಲಕ್ಷರದಿಂದ ಅದನ್ನು ಅಡ್ಡವಾಗಿ ಬರೆದರೆ, ಮೇಲಿನಿಂದ ಇಳಿಯುವ ಹಿರಿಯೂರಿನ ಕೊನೆಯಕ್ಷರವು ಅದರ ‘ರು’ವಿನಲ್ಲಿ ಬಂದು ಸೇರುವುದು. ನಾಲ್ಕೂ ಊರುಗಳು ಒಂದಾದುವು. ನಮ್ಮ ವಾಚಕರು ತಮ್ಮ ತಮ್ಮ ಸೀಮೆಯ ಊರುಗಳನ್ನು ಹೀಗೆಯೇ ಪೋಣಿಸಿ ನೋಡಲಿ. ಪ್ರತಿಯೊಂದು ಉತ್ತರದ ಪಕ್ಕದಲ್ಲಿ ಅದರ ವಿವರಣೆಯನ್ನು ಮಕ್ಕಳ ಕೈಯಿಂದಲೇ ಬರೆಯಿಸಲಿ.