ಕಕ್ಷೆಯಲ್ಲಿ ಓಡುವ ಮಕ್ಕಳ ಪ್ರೋಗ್ರಾಂ

ನೆಲದಿಂದ ಸುಮಾರು 400 ಕಿಲೋಮೀಟರ್ ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಗಗನಯಾತ್ರಿಯೊಬ್ಬರು ಫುಟ್‌ಬಾಲ್ ಗಾತ್ರದ ಉಪಗ್ರಹವೊಂದನ್ನು ಗಾಳಿಯಲ್ಲಿ ತೇಲಿಬಿಟ್ಟು ಹಿಂದೆ ಸರಿಯುತ್ತಾರೆ. ಮುಂದಿನ ಕೆಲವು ನಿಮಿಷ ಅದಕ್ಕೆ ರಿಮೋಟ್ ಇಲ್ಲ, ನೆಲದಿಂದ ಆದೇಶವೂ ಇಲ್ಲ. ತಿರುಗುವುದು, ಸಾಗುವುದು, ನಿಲ್ಲುವುದು ಎಲ್ಲವೂ ಆರರಿಂದ ಎಂಟನೇ ತರಗತಿಯ ಮಕ್ಕಳು ಬರೆದ ಪ್ರೋಗ್ರಾಂ ಹೇಳಿದಂತೆ. ಅಮೆರಿಕದ ‘ಝೀರೋ ರೋಬಾಟಿಕ್ಸ್’ ಸ್ಪರ್ಧೆಯ ಫೈನಲ್ ವರ್ಷಗಳ ಕಾಲ ನಡೆದದ್ದು ಹೀಗೆ.

ಆ ಚೆಂಡಿನ ಕಥೆಯೇ ಸೊಗಸಾದದ್ದು. 1999ರಲ್ಲಿ ಅಮೆರಿಕದ ಎಂಐಟಿ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೇವಿಡ್ ಮಿಲ್ಲರ್ ತಮ್ಮ ವಿದ್ಯಾರ್ಥಿಗಳಿಗೆ ‘ಸ್ಟಾರ್ ವಾರ್ಸ್’ ಸಿನಿಮಾದ ದೃಶ್ಯವೊಂದನ್ನು ತೋರಿಸಿದರು. ಖಡ್ಗದ ಅಭ್ಯಾಸ ಮಾಡುವ ನಾಯಕನ ಸುತ್ತ ತೇಲಾಡುವ ಚೆಂಡಿನ ದೃಶ್ಯ ಅದು. ಅಂಥವನ್ನು ಮಾಡಿಕೊಡಿ ಎಂದರು. ವಿದ್ಯಾರ್ಥಿಗಳು ಮಾಡಿಯೇಬಿಟ್ಟರು. ‘ಸ್ಫಿಯರ್ಸ್’ ಎಂಬ ಹೆಸರಿನ ಆ ಪುಟ್ಟ ಉಪಗ್ರಹಗಳು 2006ರಲ್ಲಿ ನಿಲ್ದಾಣ ಸೇರಿದವು. ಕೆಂಪು, ನೀಲಿ, ಕಿತ್ತಳೆ, ಒಟ್ಟು ಮೂರು.

ಒಂದೊಂದೂ ಸುಮಾರು ನಾಲ್ಕು ಕಿಲೋ ತೂಕ, 18 ಮುಖ. ಒಳಗೆ ಎಎ ಸೆಲ್‌ಗಳು, ಒಂದು ಪುಟ್ಟ ಸಿಲಿಂಡರ್‌ನಲ್ಲಿ ಇಂಗಾಲದ ಡೈಆಕ್ಸೈಡ್. ಮೈಮೇಲಿನ 12 ಮೂತಿಗಳಿಂದ ಅನಿಲ ಚಿಮ್ಮಿಸಿಕೊಂಡು ಚಲಿಸುತ್ತಿತ್ತು. ತಾನೆಲ್ಲಿದ್ದೇನೆ ಎಂದು ಅದು ತಿಳಿದುಕೊಳ್ಳುತ್ತಿದ್ದ ಬಗೆಯಂತೂ ಬೆರಗಿನದು. ಮಿಂಚು ಕಂಡ ಮೇಲೆ ಗುಡುಗು ಕೇಳಲು ಎಷ್ಟು ಹೊತ್ತಾಯಿತೆಂದು ಎಣಿಸಿ ಸಿಡಿಲಿನ ದೂರ ಅಂದಾಜು ಮಾಡುತ್ತೇವಲ್ಲ, ಲೆಕ್ಕ ಅದೇ. ಚೆಂಡು ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಮಿನುಗಿಸುತ್ತಿತ್ತು. ಸುತ್ತ ಅಳವಡಿಸಿದ ಐದು ಪೆಟ್ಟಿಗೆಗಳು ಸರದಿಯಂತೆ ಕಿವಿಗೆ ಕೇಳದ ಶಬ್ದವನ್ನು ಹೊರಡಿಸುತ್ತಿದ್ದವು. ಮೈಮೇಲಿನ 24 ಮೈಕುಗಳಿಗೆ ಆ ಶಬ್ದ ತಲುಪಲು ಹಿಡಿದ ಸಮಯದಿಂದ ಚೆಂಡು ತನ್ನ ಜಾಗವನ್ನೂ ತಾನು ಯಾವ ಕಡೆ ತಿರುಗಿದ್ದೇನೆಂಬುದನ್ನೂ ಲೆಕ್ಕ ಹಾಕುತ್ತಿತ್ತು.

ಮಿಲ್ಲರ್ ಇದನ್ನು ಮಾಡಿಸಿದ್ದು ಸಂಶೋಧನೆಗೆ. 2008ರಲ್ಲಿ ನಿಲ್ದಾಣದಲ್ಲಿದ್ದು ಈ ಚೆಂಡುಗಳನ್ನು ಕೈಯಾರೆ ಹಾರಿಸಿದ್ದ ಗಗನಯಾತ್ರಿ ಗ್ರೆಗರಿ ಶಮಿಟಾಫ್ ಅವರ ಜೊತೆ ಸೇರಿ 2009ರಲ್ಲಿ ಝೀರೋ ರೋಬಾಟಿಕ್ಸ್ ಮೂಲಕ ಪ್ರೌಢಶಾಲಾ ಮಕ್ಕಳಿಗೂ ಬಾಗಿಲು ತೆರೆದರು. ಮರುವರ್ಷದ ಬೇಸಿಗೆಯಲ್ಲಿ ಮಾಧ್ಯಮಿಕ ಶಾಲೆಯ ಮಕ್ಕಳ ಸರದಿ.

ಚಿಕ್ಕವರದು ಐದು ವಾರಗಳ ಬೇಸಿಗೆ ಕಾರ್ಯಕ್ರಮ. ಮೊದಲು ಒಂದಿಷ್ಟು ಗಣಿತ, ಭೌತವಿಜ್ಞಾನ. ಆಮೇಲೆ ವೆಬ್‌ಸೈಟಿನಲ್ಲೇ ಚಿತ್ರರೂಪದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಪ್ರೋಗ್ರಾಂ ಕಟ್ಟಬೇಕು, ಅಲ್ಲೇ ಅಣಕು ಉಪಗ್ರಹವನ್ನು ಓಡಿಸಿ ನೋಡಬೇಕು. ನಿಜವಾದ ಪಾಠ ಇಲ್ಲಿದೆ. ನೆಲದ ಮೇಲೆ ಉರುಳಿಸಿದ ಚೆಂಡು ತಾನಾಗಿ ನಿಲ್ಲುತ್ತದೆ, ತೇಲುವ ಚೆಂಡು ನಿಲ್ಲುವುದಿಲ್ಲ. ನಿಲ್ಲಿಸಲು ಎದುರು ದಿಕ್ಕಿಗೆ ಅಷ್ಟೇ ತಳ್ಳಬೇಕು, ಅದಕ್ಕೂ ಅನಿಲ ಬೇಕು. ಸ್ಪರ್ಧೆಯ ಆಟದಲ್ಲಿ ಸಿಗುವ ಅನಿಲಕ್ಕೆ ಮಿತಿಯಿದೆ. ಅವಸರದಲ್ಲಿ ಗುರಿಯತ್ತ ನುಗ್ಗಿದ ತಂಡ ಗುರಿ ದಾಟಿ ಹೋಗುತ್ತದೆ, ಹಿಂದಕ್ಕೆ ಬರಲು ಅನಿಲ ಉಳಿದಿರುವುದಿಲ್ಲ. ನ್ಯೂಟನ್ನನ ನಿಯಮವನ್ನು ಹೀಗೆ ಕಲಿತ ಮಗು ಅದನ್ನು ಮತ್ತೆ ಉರು ಹೊಡೆಯಬೇಕಿಲ್ಲ.

ಕಷ್ಟಗಳೂ ಇದ್ದವು. ಅನಿಲದ ಸಿಲಿಂಡರ್, ಸೆಲ್‌ಗಳೆಲ್ಲ ರಾಕೆಟ್ಟಿನಲ್ಲೇ ಮೇಲೇರಬೇಕಿತ್ತು. ಗಗನಯಾತ್ರಿಗಳ ಒಂದೊಂದು ಗಂಟೆಗೂ ಹತ್ತಾರು ಕೆಲಸಗಳ ಪೈಪೋಟಿ. ಹಾಗಾಗಿ ಗೆದ್ದ ಕೆಲವೇ ಪ್ರೋಗ್ರಾಂಗಳು ಮೇಲಕ್ಕೆ ಹೋಗುತ್ತಿದ್ದವು, ಉಳಿದವರ ಆಟ ಕಂಪ್ಯೂಟರ್ ಪರದೆಯಲ್ಲೇ ಮುಗಿಯುತ್ತಿತ್ತು.

2019ರಲ್ಲಿ ಸ್ಫಿಯರ್ಸ್ ನಿವೃತ್ತವಾದವು. ಅವುಗಳ ಜಾಗಕ್ಕೆ ನಾಸಾದ ಏಮ್ಸ್ ಕೇಂದ್ರದ ‘ಆಸ್ಟ್ರೋಬೀ’ಗಳು ಬಂದವು: ಹನಿ, ಬಂಬಲ್, ಕ್ವೀನ್ ಎಂಬ ಮೂರು ಘನಾಕೃತಿಯ ರೋಬಾಟ್‌ಗಳು. ಇವು ಫ್ಯಾನಿನಿಂದ ಚಲಿಸುತ್ತವೆ, ಬ್ಯಾಟರಿ ಇಳಿದರೆ ತಾವೇ ಹೋಗಿ ಚಾರ್ಜ್ ಮಾಡಿಕೊಳ್ಳುತ್ತವೆ. ಸ್ಪರ್ಧೆಯೂ ಇವುಗಳಿಗೆ ಬದಲಾಯಿತು, ಸಿಲಿಂಡರಿನ ತಾಪತ್ರಯ ತಪ್ಪಿತು. ಆದರೆ ವಿದ್ಯಾರ್ಥಿಗಳೇ ತರಗತಿಯಲ್ಲಿ ರೂಪಿಸಿದ ಯಂತ್ರವನ್ನು ಅವರಿಗಿಂತ ಚಿಕ್ಕ ಮಕ್ಕಳು ಕಕ್ಷೆಯಲ್ಲಿ ಓಡಿಸುತ್ತಿದ್ದ ಆ ನಂಟು ಹೊಸ ರೋಬಾಟ್‌ಗಳಿಗಿಲ್ಲ.

ಮಾಧ್ಯಮಿಕ ಶಾಲೆಯ ಈ ಸ್ಪರ್ಧೆ ಮುಖ್ಯವಾಗಿ ಅಮೆರಿಕದ ಮಕ್ಕಳಿಗಾಗಿ ರೂಪುಗೊಂಡದ್ದು, ಭಾಗವಹಿಸಲು ಶುಲ್ಕವಿಲ್ಲ. ಅಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಈ ವಯಸ್ಸಿನ ಮಕ್ಕಳಿದ್ದರೆ, ಬೇಸಿಗೆ ರಜೆಗೆ ಮುಂಚೆಯೇ ಶಾಲೆಯಲ್ಲಿ ಒಮ್ಮೆ ವಿಚಾರಿಸಿ. ಒಂಟಿಯಾಗಿ ಸೇರುವಂತಿಲ್ಲ, ತಂಡ ಬೇಕು, ಜೊತೆಗೆ ನಿಲ್ಲುವ ಒಬ್ಬ ಶಿಕ್ಷಕರೂ ಬೇಕು.