ನಡೆಯಲಾರದ ಹಿರಿಯರೊಡನೆ ನೌಕಾವಿಹಾರ



ಊರಿನಿಂದ ಬಂದ ತಂದೆತಾಯಿಯರಿಗೆ ಅಮೆರಿಕವನ್ನು ತೋರಿಸಬೇಕೆಂಬ ಆಸೆ ನಮ್ಮೆಲ್ಲರಿಗೂ ಸಹಜ. ಆದರೆ ಮೊಣಕಾಲಿನ ಸವೆತದಿಂದಲೋ ಪಾರ್ಶ್ವವಾಯುವಿನಿಂದಲೋ ನಡೆಯಲು ಕಷ್ಟಪಡುವವರನ್ನು ಕಾರಿನಲ್ಲಿ ಕೂರಿಸಿಕೊಂಡು, ದಿನಕ್ಕೊಂದು ಹೋಟೆಲಿನಲ್ಲಿ ತಂಗುತ್ತ ಸುತ್ತಿಸುವುದು ಅವರಿಗೂ ಪ್ರಯಾಸ, ನಮಗೂ ಪ್ರಯಾಸ. ಹಡಗಿನ ವಿಹಾರದಲ್ಲಿ ಈ ತೊಡಕಿಲ್ಲ. ಅಲ್ಲಿ ನಾವು ಕುಳಿತಲ್ಲೇ ಇರುತ್ತೇವೆ, ಮನೆಯೇ ಊರಿಂದೂರಿಗೆ ಸಾಗುತ್ತದೆ. ಆದರೂ ವಾರವಿಡೀ ಕ್ಯಾಬಿನ್ನಿನ ಕಿಟಕಿಯಿಂದಲೇ ಸಮುದ್ರವನ್ನು ನೋಡಿ ಹಿಂತಿರುಗುವ ಹಿರಿಯರುಂಟು. ಹೊರಡುವ ಮುನ್ನ ಬಾಗಿಲು, ಮೆಟ್ಟಿಲು, ದೂರಗಳನ್ನು ನಾವು ವಿಚಾರಿಸದಿರುವುದೇ ಬಹುಮಟ್ಟಿಗೆ ಇದಕ್ಕೆ ಕಾರಣ.

ಮೊದಲು ಅವರ ನಡಿಗೆಯನ್ನು ಅಳೆಯೋಣ. ಹಿರಿಯರು ಕುರ್ಚಿಯಿಂದೆದ್ದು, ಎಂದಿನ ವೇಗದಲ್ಲಿ ಹತ್ತು ಅಡಿ ನಡೆದು, ಹಿಂತಿರುಗಿ ಬಂದು ಕೂರಲಿ; ಬೀಳದಂತೆ ಒಬ್ಬರು ಪಕ್ಕದಲ್ಲಿರಲಿ. ಇದಕ್ಕೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ವೈದ್ಯರು ಎಣಿಸುತ್ತಾರೆ. ದೊಡ್ಡ ಹಡಗುಗಳ ಉದ್ದ ಸಾವಿರ ಅಡಿಗೂ ಮಿಕ್ಕಿರುತ್ತದೆ. ಮನೆಯಲ್ಲಿ ಗೋಡೆ ಹಿಡಿದು ಓಡಾಡುವವರಿಗೆ ಅಲ್ಲಿ ಊಟದ ಸಭಾಂಗಣವೇ ಒಂದು ಯಾತ್ರೆ. ಗಾಲಿಕುರ್ಚಿ ಎಂದೊಡನೆ "ನನಗೇನಾಗಿದೆ?" ಎಂದು ನೊಂದುಕೊಳ್ಳುವವರು ನಮ್ಮಲ್ಲಿ ಅನೇಕರು. ಕಾಲಿನ ಶಕ್ತಿಯನ್ನು ನೋಡಬೇಕಾದ ಜಾಗಕ್ಕಾಗಿ ಉಳಿಸಿಕೊಳ್ಳುವ ಸಾಧನವಿದು ಎಂದು ಮನೆಯಲ್ಲೇ ನಿಧಾನವಾಗಿ ತಿಳಿಹೇಳಬೇಕು.

ಎರಡನೆಯದು ಕ್ಯಾಬಿನ್. ಸಾಮಾನ್ಯ ಕ್ಯಾಬಿನ್ನಿನ ಬಾಗಿಲು ಎಷ್ಟೋ ಬಾರಿ ಗಾಲಿಕುರ್ಚಿಗಿಂತ ಕಿರಿದು; ಬಚ್ಚಲಿಗೆ ಹೊಸ್ತಿಲೂ ಉಂಟು. ಅಂಗವಿಕಲರಿಗೆಂದೇ ನಿರ್ಮಿಸಿದ ಕ್ಯಾಬಿನ್ನುಗಳಲ್ಲಿ ಅಗಲವಾದ ಬಾಗಿಲು, ಹೊಸ್ತಿಲಿಲ್ಲದ ಸ್ನಾನದ ಜಾಗ, ಹಿಡಿಕಂಬಿಗಳಿರುತ್ತವೆ. ಇವು ಕೆಲವೇ ಇರುವುದರಿಂದ ಬಹಳ ಮೊದಲೇ ಕಾದಿರಿಸಬೇಕು. ಬ್ಯಾಟರಿಯ ಸ್ಕೂಟರನ್ನು ಕ್ಯಾಬಿನ್ನಿನೊಳಗೇ ಇಡಬೇಕಾದ್ದರಿಂದ ಅದರ ಅಗಲವನ್ನೂ ಅಳೆದುಕೊಳ್ಳಿ. ಕೇಳಲು ಸಂಕೋಚ ಬೇಡ. ಅಂಗವಿಕಲರ ಹಕ್ಕುಗಳ ಕುರಿತ 1990ರ ಕಾನೂನು, ಅಮೆರಿಕದ ಜಲಸೀಮೆಯಲ್ಲಿರುವ ವಿದೇಶೀ ಧ್ವಜದ ವಿಹಾರನೌಕೆಗಳಿಗೂ ಸಾಮಾನ್ಯವಾಗಿ ಅನ್ವಯಿಸುತ್ತದೆಂದು ಇಲ್ಲಿನ ಸುಪ್ರೀಂ ಕೋರ್ಟು 2005ರಲ್ಲಿ ತೀರ್ಪಿತ್ತಿದೆ.

ಮೂರನೆಯದು ಬಂದರು. ಕೆಲವೆಡೆ ಹಡಗು ದಡದ ಕಟ್ಟೆಗೇ ತಾಗಿ ನಿಲ್ಲುತ್ತದೆ. ಗ್ರ್ಯಾಂಡ್ ಕೇಮನ್‌ನಂಥ ಕಡೆ ಸಮುದ್ರದಲ್ಲೇ ಲಂಗರು ಹಾಕಿ, ಜನರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಒಯ್ಯುತ್ತಾರೆ. ಅಲೆಯಲ್ಲಿ ಓಲಾಡುವ ದೋಣಿಗೆ ಕಾಲಿಡಲಾರದವರು ಅಂದು ಹಡಗಿನಲ್ಲೇ ಉಳಿಯಬೇಕಾದೀತು. ಅಲಾಸ್ಕದ ಗ್ಲೇಸಿಯರ್ ಬೇಯಲ್ಲಾದರೋ ಇಳಿಯುವ ಗೋಜೇ ಇಲ್ಲ. ಹಿಮನದಿಗಳನ್ನು ಹಡಗಿನ ಮೇಲಟ್ಟದಿಂದಲೇ ಕಾಣಬಹುದು. ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವ ಅಲಾಸ್ಕ ಹಡಗುಗಳು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುತ್ತವೆ. ಭಾರತದ ಪಾಸ್‌ಪೋರ್ಟಿನವರು ಕೆನಡಾ ವೀಸಾವನ್ನೂ ಅಮೆರಿಕಕ್ಕೆ ಮರುಪ್ರವೇಶದ ಅನುಮತಿಯನ್ನೂ ಹಣ ಕಟ್ಟುವ ಮೊದಲೇ ವಿಚಾರಿಸಬೇಕು.

ಇನ್ನು ಆರೋಗ್ಯದ ಮಾತು. ಪದೇಪದೇ ಬಚ್ಚಲಿಗೆ ಹೋಗುವ ಕಷ್ಟಕ್ಕೆ ಅಂಜಿ ಹಿರಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಗುಟ್ಟಾಗಿ ತಪ್ಪಿಸುತ್ತಾರೆ. ನೀರು ಕುಡಿಯದಿರುವುದು ತಲೆಸುತ್ತಿ ಬೀಳುವುದಕ್ಕೆ ದಾರಿ. ಹಡಗಿನ ಓಲಾಟಕ್ಕೆಂದು ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮಿನ್ ಪಟ್ಟಿ ವೃದ್ಧರಲ್ಲಿ ಬುದ್ಧಿಭ್ರಮೆ, ಮೂತ್ರಬಂಧಗಳನ್ನು ಉಂಟುಮಾಡಬಹುದು. ಕೆಲವು ಬಗೆಯ ಗ್ಲಾಕೋಮಾ ಇದ್ದವರಿಗೆ ಅದು ಸಲ್ಲದು. ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನ ಕ್ಯಾಬಿನ್ ಹಿಡಿದರೆ ಓಲಾಟವೇ ಕಡಿಮೆ. ವಾಂತಿಭೇದಿ ತರುವ ನೋರೊವೈರಸ್‌ಗೆ ಆಲ್ಕೊಹಾಲಿನ ದ್ರವ ಸಾಲದು. ಸೋಪು ನೀರಿನಿಂದಲೇ ಕೈ ತೊಳೆಯಬೇಕು. ಹತ್ತುವಾಗ ಒಪ್ಪಿಸಿದ ಪೆಟ್ಟಿಗೆ ಕ್ಯಾಬಿನ್ನಿಗೆ ಬರಲು ಗಂಟೆಗಳಾಗುವುದರಿಂದ ಔಷಧಿಗಳು ಕೈಚೀಲದಲ್ಲಿರಲಿ. ಹಡಗಿನ ಚಿಕಿತ್ಸಾಲಯವು ತುರ್ತು ಆರೈಕೆಗೆ ಮಾತ್ರ, ಪೂರ್ಣ ಆಸ್ಪತ್ರೆಯಲ್ಲ. ರೋಗಿಯನ್ನು ದಡಕ್ಕೆ ಸಾಗಿಸುವ ವೆಚ್ಚವೂ ಸೇರಿದ ವಿಮೆಯನ್ನು, ಹಳೆಯ ಕಾಯಿಲೆಗಳಿಗೆ ಅದು ಸಲ್ಲುತ್ತದೆಯೇ ಎಂದು ಓದಿ ನೋಡಿಯೇ ಕೊಳ್ಳಿ.

ಬೆಂಕಿ ಮೊದಲಾದ ತುರ್ತಿನಲ್ಲಿ ಲಿಫ್ಟನ್ನು ನೆಚ್ಚುವಂತಿಲ್ಲ. ಮೆಟ್ಟಿಲಿಳಿಯಲು ನೆರವು ಬೇಕೆಂದು ಕಾದಿರಿಸುವಾಗಲೇ ತಿಳಿಸಿ, ಹಡಗೇರಿದ ದಿನ ಮತ್ತೊಮ್ಮೆ ನೆನಪಿಸಿ.

ಕೊನೆಯದಾಗಿ, ಇಷ್ಟೆಲ್ಲ ಅಳೆದಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಅವರಿಗೆ ಏನು ನೋಡುವ ಮನಸ್ಸಿದೆ? "ಅಮ್ಮಾ, ನೀವು ಮಕ್ಕಳೊಂದಿಗೆ ಇಲ್ಲೇ ಇರಿ, ನಾವು ಬೇಗ ಬರುತ್ತೇವೆ" ಎಂದು ಪ್ರತಿ ಬಂದರಿನಲ್ಲೂ ಇಳಿದುಹೋದರೆ ಆ ವಿಹಾರ ಅವರದಾಗುವುದಿಲ್ಲ. ಒಂದು ದಿನ ಮಗ, ಇನ್ನೊಂದು ದಿನ ಸೊಸೆ ಅವರ ಜೊತೆ ಉಳಿಯಲಿ. ಒಂದು ಬಂದರನ್ನಾದರೂ ಅವರೇ ಆರಿಸಲಿ, ಅಂದು ಎಲ್ಲರೂ ಅವರ ನಡಿಗೆಯ ವೇಗದಲ್ಲೇ ನಡೆಯೋಣ. ನಮಗೆ ನಡೆಯಲು ಕಲಿಸುವಾಗ ಅವರು ನಮ್ಮ ವೇಗದಲ್ಲೇ ನಡೆದವರಲ್ಲವೇ?